ಕರಪತ್ರದಲ್ಲಿ ಅವಳ ಹೆಸರು ಯಾಕಿಲ್ಲ?

'ಸದಾರಮೆ' ನಾಟಕದಲ್ಲಿ ಕಳ್ಳ ರಂಗಕ್ಕೆ ಬಂದರೆ ಸಾಕು, ಜನ ಬಿದ್ದು ಬಿದ್ದು ನಗುತ್ತಿದ್ದರು. ಗುಬ್ಬಿ ವೀರಣ್ಣನವರು ಆ ಕಳ್ಳನ ಪಾತ್ರದಿಂದ ನಾಡಿಗೆಲ್ಲ ಹೆಸರಾದರು. ರಂಗದ ಮೇಲಿನ ಕಳ್ಳ ಎಲ್ಲರ ಕಣ್ಣಿಗೂ ಬೀಳುತ್ತಾನೆ. ನಾಟಕವನ್ನೇ ಕದ್ದವನು ಮಾತ್ರ ಯಾರ ಕಣ್ಣಿಗೂ ಬೀಳೋದಿಲ್ಲ. ಅವನು ಬಾಗಿಲು ಮುರಿದು ಬರುವವನಲ್ಲ. ಎಷ್ಟೋ ಸಲ ಅವನು ಮನೆಯವನೇ. ಕೈ ಹಿಡಿದವನೇ, ಪ್ರೀತಿಸಿದವನೇ. ಈ ಎರಡನೆಯ ಕಳ್ಳನ ವಿಷಯ ನಾವು ಮಾತಾಡಬೇಕಾಗಿದೆ. ಶೋಷಣೆಯ ವಿರುದ್ಧ ನಾಟಕ ಆಡುವವರು ನಾವು. ಬೀದಿಯಲ್ಲಿ ತಮಟೆ ಬಡಿದು ಜನ ಸೇರಿಸುವವರು ನಾವು. ಊರ ಗೌಡನ ಲೆಕ್ಕದ ಪುಸ್ತಕ ಬಿಚ್ಚು ಅಂತ ಕೇಳುವವರು ನಮ್ಮ ತಂಡದ ಲೆಕ್ಕವನ್ನೂ ಬಿಚ್ಚಬೇಕು.

ಪ್ರಶ್ನೆ ಇಷ್ಟೇ: ನಾಟಕ ಅಂದಮೇಲೆ ಒಬ್ಬರಿಂದ ಒಬ್ಬರು ತಗೊಳ್ಳೋದು ಇದ್ದೇ ಇರುತ್ತೆ. ಹಾಗಿರುವಾಗ ಯಾವುದು ತಗೊಳ್ಳೋದು, ಯಾವುದು ಕದಿಯೋದು? ಅವರಿಬ್ಬರ ನಡುವೆ ಪ್ರೀತಿ ಇದ್ದರೆ ಆ ಗೆರೆ ಅಳಿಸಿಹೋಗುತ್ತದೆಯೇ?

ಮೊದಲು ನಮ್ಮ ಕಡೆಯದನ್ನೇ ನೋಡೋಣ. ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಎಂಥದು ಅಂತ ಇಲ್ಲಿ ಮೇಷ್ಟ್ರಾಗಿ ಬಂದವರಿಗೆಲ್ಲ ಗೊತ್ತು. 'ಕುರುಕ್ಷೇತ್ರ' ಅಂದರೆ ಬೆಳಕು ಹರಿಯುವ ತನಕ. ಸೀನರಿ ಬಾಡಿಗೆಗೆ ಬರುತ್ತೆ. ದುಡ್ಡು ಹೆಚ್ಚು ಕೊಟ್ಟವನಿಗೆ ಕೃಷ್ಣನೋ ದುರ್ಯೋಧನನೋ ಆಗುವ ಯೋಗ. ದ್ರೌಪದಿ, ಉತ್ತರೆ, ರುಕ್ಮಿಣಿಯರ ಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರು ಬರುತ್ತಾರೆ. ಇದನ್ನೆಲ್ಲ ಕಟ್ಟಿ ನಿಲ್ಲಿಸುವವನು ಹಾರ್ಮೋನಿಯಂ ಮುಂದೆ ಕೂತ ಡ್ರಾಮಾ ಮೇಷ್ಟ್ರು. ಗುಬ್ಬಿ ಕಂಪನಿಗಾಗಿ ಬಿ. ಪುಟ್ಟಸ್ವಾಮಯ್ಯನವರು ಬರೆದ 'ಕುರುಕ್ಷೇತ್ರ' ಇದೆ. ವಿಜಾಪುರದ ಕಡೆಯ ಕಂದಗಲ್ ಹನುಮಂತರಾಯರ 'ರಕ್ತರಾತ್ರಿ' ಇದೆ. ನಮ್ಮ ಮೇಷ್ಟ್ರಿಗೆ ಇವೆಲ್ಲ ಒಂದೇ ಕಣಜ. ಒಂದು ಕಡೆಯ ಕಂದಪದ್ಯ, ಇನ್ನೊಂದು ಕಡೆಯ ಮಾತು, ಮೇಲೊಂದು ಸಿನಿಮಾ ಧಾಟಿ, ಓದು ಬಾರದ ಭೀಮನ ಬಾಯಿಗೆ ಹೊಂದುವ ಹಾಗೆ ಮೊಟಕು ಮಾಡಿದ ಸಾಲು. 'ಇದು ಯಾರ ನಾಟಕ ಮೇಷ್ಟ್ರೇ?' ಅಂದರೆ, 'ಆಡೋರ ನಾಟಕ ಕಣಯ್ಯ' ಅಂತಾರೆ.

ಇದು ಕಳ್ಳತನವೇ? ಅಲ್ಲ ಅನ್ನೋದು ನಮ್ಮ ಅಭಿಪ್ರಾಯ. ವ್ಯಾಸರದ್ದನ್ನು ಪಂಪ ತಗೊಂಡ, ಕುಮಾರವ್ಯಾಸ ತಗೊಂಡ, ಕಂಪನಿಯವರು ತಗೊಂಡರು, ಹಳ್ಳಿ ತಗೊಂಡಿತು. ತಗೊಂಡ ಪ್ರತಿಯೊಬ್ಬರೂ ತಮ್ಮ ಬೆವರು ಸೇರಿಸಿದರು. ಕಥೆಗೆ ಬೇಲಿ ಹಾಕುತ್ತೇನೆ ಅನ್ನುವವನು ಗೋಮಾಳಕ್ಕೆ ಬೇಲಿ ಹಾಕಿದ ಶ್ಯಾನುಭೋಗನ ಸಂತತಿ.

ಉತ್ತರ ಕರ್ನಾಟಕದಲ್ಲಿ ಇದಕ್ಕೊಂದು ಒಳ್ಳೆಯ ಸಾಕ್ಷಿ ಇದೆ. 'ಶ್ರೀಕೃಷ್ಣ ಪಾರಿಜಾತ' ಪ್ರೇಮದ ನಾಟಕ. ಒಂದು ಹೂವಿಗಾಗಿ ರುಕ್ಮಿಣಿ, ಸತ್ಯಭಾಮೆಯರ ನಡುವೆ ಎದ್ದ ಮುನಿಸು, ನಡುವೆ ಸಿಕ್ಕಿಬಿದ್ದ ಕೃಷ್ಣ. ಇದನ್ನು ಬರೆದವನು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ. ಅದನ್ನು ಗೋಕಾಕ ಸೀಮೆಗೆ ತಂದು, ತಿದ್ದಿ, ಜನ ಮೆಚ್ಚುವ ಆಟವಾಗಿ ಕಟ್ಟಿದವನು ಕುಲಗೋಡ ತಮ್ಮಣ್ಣ. ಎರಡನೆಯ ತಮ್ಮಣ್ಣ ಮೊದಲನೆಯವನದನ್ನು ತಗೊಂಡ, ನಿಜ. ಆದರೆ ಜನರ ನೆನಪಿನಲ್ಲಿ ಇಬ್ಬರ ಹೆಸರೂ ಉಳಿಯಿತು, ಇಬ್ಬರ ಊರೂ ಉಳಿಯಿತು. ಯಾರಿಂದ ಬಂತು, ಯಾರು ಕಟ್ಟಿದರು ಅನ್ನೋದು ಇವತ್ತಿಗೂ ಹೇಳಬಹುದು. ತಗೊಳ್ಳೋದಕ್ಕೂ ಕದಿಯೋದಕ್ಕೂ ಇರುವ ವ್ಯತ್ಯಾಸ ನಮಗೆ ಇಲ್ಲಿ ಕಾಣುತ್ತದೆ. ಕೊಟ್ಟವರ ಹೆಸರು ಉಳಿಸಿಕೊಂಡು ತಗೊಂಡರೆ ಅದು ಪರಂಪರೆ. ಹೆಸರು ಅಳಿಸಿ ತಗೊಂಡರೆ ಅದು ಕಳವು.

ಕಾನೂನು ಏನು ಹೇಳುತ್ತೆ? ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ನಾಟಕ ಬರವಣಿಗೆಯಲ್ಲೋ ಇನ್ನಾವುದೋ ರೂಪದಲ್ಲೋ ಗಟ್ಟಿಯಾಗಿ ದಾಖಲಾಗಿದ್ದರೆ ಮಾತ್ರ ಅದು ಈ ಕಾಯ್ದೆಯ ಕಣ್ಣಿಗೆ ನಾಟಕ. ಆರ್.ಜಿ. ಆನಂದ್ ಎಂಬ ನಾಟಕಕಾರ 1953ರಲ್ಲಿ 'ಹಮ್ ಹಿಂದುಸ್ತಾನಿ' ಬರೆದರು. ಪಂಜಾಬಿ ಮನೆಗೂ ಮದ್ರಾಸಿ ಮನೆಗೂ ನಡುವಿನ ಪ್ರೇಮ, ಪ್ರಾಂತದ ದ್ವೇಷ, ಇದು ವಸ್ತು. 1956ರಲ್ಲಿ 'ನ್ಯೂ ಡೆಲ್ಲಿ' ಅನ್ನೋ ಹಿಂದಿ ಸಿನಿಮಾ ಬಂತು. ಅಲ್ಲೂ ಪಂಜಾಬಿ–ಮದ್ರಾಸಿ ಪ್ರೇಮ. ನನ್ನ ನಾಟಕ ಕದ್ದರು ಅಂತ ಆನಂದ್ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ವಸ್ತು, ವಿಚಾರ, ಕಥೆಯ ಎಳೆ ಯಾರೊಬ್ಬರ ಸ್ವತ್ತೂ ಅಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ಹಕ್ಕು ಅಂತ ಕೋರ್ಟು ಹೇಳಿತು. ತತ್ವವಾಗಿ ಇದು ಸರಿಯೇ. ಪ್ರೇಮಕ್ಕೆ ಪೇಟೆಂಟು ಯಾರು ಕೊಡುತ್ತಾರೆ?

ನಮ್ಮ ನಾಡಿನದೇ ಇನ್ನೊಂದು ಮೊಕದ್ದಮೆ. ಶಿವರಾಮ ಕಾರಂತರು ಯಕ್ಷಗಾನವನ್ನು ತಮ್ಮ ರೀತಿಯಲ್ಲಿ ತಿದ್ದಿ 'ಭೀಷ್ಮ ವಿಜಯ', 'ಅಭಿಮನ್ಯು ವಧೆ' ಮೊದಲಾದ ಏಳು ಪ್ರಸಂಗಗಳ ಬ್ಯಾಲೆ ಕಟ್ಟಿದರು. 1997ರಲ್ಲಿ ಅವರು ತೀರಿಕೊಂಡ ಮೇಲೆ, 2001ರಲ್ಲಿ ದೆಹಲಿಯಲ್ಲಿ ನಡೆದ ಒಂದು ಪ್ರದರ್ಶನದಿಂದ ತಗಾದೆ ಎದ್ದು ಉಡುಪಿಯ ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರಲ್ಲಿ ತೀರ್ಪು ಬಂತು. ಆ ರೂಪದ ಹಕ್ಕು ಕಾರಂತರದ್ದು, ಉಯಿಲಿನ ಪ್ರಕಾರ ಅದು ಅವರ ವಾರಸುದಾರರಿಗೆ ಸೇರಿದ್ದು. ಪಾಠ, ಅಧ್ಯಯನ, ದುಡ್ಡು ಕೊಡದ ಪ್ರೇಕ್ಷಕರ ಮುಂದಿನ ಹವ್ಯಾಸಿ ಆಟ, ಇಂಥವಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ ಅಂತ. ಕಾರಂತರ ಶ್ರಮವನ್ನು ಕೋರ್ಟು ಗುರುತಿಸಿತು, ಸಂತೋಷ. ಕಾರಂತರಿಗೂ ಮುಂಚೆ ತಲೆತಲಾಂತರದಿಂದ ಗದ್ದೆ ಬಯಲಲ್ಲಿ ದೊಂದಿ ಬೆಳಕಿನಲ್ಲಿ ಕುಣಿದ, ಹಾಡಿದ, ಚೆಂಡೆ ಬಡಿದ ಜನರ ವಾರಸುದಾರರು ಯಾರು? ಅವರ ಉಯಿಲು ಎಲ್ಲಿದೆ? ಕಾಗದ ಇದ್ದವನಿಗೆ ಕಾನೂನು, ಕಾಗದ ಇಲ್ಲದವನಿಗೆ 'ಜಾನಪದ' ಅನ್ನೋ ಗೌರವದ ಮಾತು. ಭೂಮಿಯ ವಿಷಯದಲ್ಲಿ ನಾವು ಕಂಡದ್ದೇ ಇದು. ಉತ್ತವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು.

ಇಷ್ಟರ ಮಧ್ಯೆ ಅದೇ ಕಾಯ್ದೆಯ 57ನೇ ಕಲಮಿನಲ್ಲಿ ಒಂದು ಒಳ್ಳೆಯ ಮಾತಿದೆ. ಬರೆದವನು ತನ್ನ ಹಕ್ಕನ್ನು ಪೂರಾ ಮಾರಿಕೊಂಡರೂ, ಇದು ನಾನು ಬರೆದದ್ದು ಅಂತ ಹೇಳಿಕೊಳ್ಳುವ ಹಕ್ಕು ಅವನಲ್ಲೇ ಉಳಿಯುತ್ತದೆ. ದುಡ್ಡಿನ ಹಕ್ಕು ಬೇರೆ, ಹೆಸರಿನ ಹಕ್ಕು ಬೇರೆ. ಒಂದನ್ನು ಬಿಟ್ಟುಕೊಟ್ಟರೆ ಇನ್ನೊಂದನ್ನೂ ಬಿಟ್ಟಂತಲ್ಲ. ಈ ಮಾತನ್ನು ನಾವು ಕೋರ್ಟಿನ ಹೊರಗೂ ಬಳಸಬೇಕು.

ಈಗ ಪ್ರೀತಿಯ ವಿಷಯ.

ಹೊಲದ ಒಡೆಯ ಜೀತದಾಳಿಗೆ ಕೂಲಿ ಕೊಡದಿದ್ದಾಗ ಏನು ಹೇಳುತ್ತಿದ್ದ? 'ನಿನಗ್ಯಾತಕ್ಕೋ ಕೂಲಿ, ನೀನು ಮನೆಮಗ ಇದ್ದಂಗೆ.' ಹಬ್ಬಕ್ಕೆ ಹಳೇ ಪಂಚೆ, ಹಿತ್ತಲಲ್ಲಿ ಬೇರೆ ತಟ್ಟೆಯಲ್ಲಿ ಮುದ್ದೆ, ಮೇಲೆ ಮನೆಮಗ ಅನ್ನೋ ಬಿರುದು. ಆಸ್ತಿ ಭಾಗ ಮಾಡುವಾಗ ಮಾತ್ರ ಮನೆಮಗ ಹೊರಗೆ ನಿಂತಿರುತ್ತಿದ್ದ. 1976ರಲ್ಲಿ ಜೀತ ಪದ್ಧತಿ ನಿಷೇಧದ ಕಾಯ್ದೆ ಬಂತು. ಜೀತ ಬಿಡಿಸೋದಕ್ಕೆ ಹಳ್ಳಿಗಳಿಗೆ ಹೋದವರು ಒಡೆಯರ ಬಾಯಲ್ಲಿ ಕೇಳಿದ್ದು ಇದೇ ಮಾತು: 'ಜೀತ ಎಲ್ಲಿ ಬಂತು ಸ್ವಾಮಿ, ಪ್ರೀತಿಯಿಂದ ಇಟ್ಕೊಂಡಿದ್ದೀವಿ.' ಕೂಲಿ ತಪ್ಪಿಸಲು ಪ್ರೀತಿಗಿಂತ ಒಳ್ಳೆ ರಶೀದಿ ಇನ್ನೊಂದಿಲ್ಲ ಅಂತ ಊಳಿಗಮಾನ್ಯ ವ್ಯವಸ್ಥೆ ಬಹಳ ಹಿಂದೆಯೇ ಕಂಡುಕೊಂಡಿತ್ತು.

ರಂಗಭೂಮಿಯಲ್ಲೂ ಅದೇ ರಶೀದಿ ಓಡುತ್ತೆ. ನಾಟಕದ ತಂಡ ಅಂದರೆ ರಾತ್ರಿ ಹಗಲು ಒಟ್ಟಿಗೆ ಇರುವುದು, ಒಂದೇ ಲಾರಿಯಲ್ಲಿ ಮಲಗಿ ಊರೂರು ತಿರುಗುವುದು, ರಂಗದ ಮೇಲೆ ಪ್ರೇಮಿಸುವುದು. ಅಲ್ಲಿ ಹೆಣ್ಣು ಗಂಡು ಒಲಿಯದಿದ್ದರೆ ಆಶ್ಚರ್ಯ. ನಾವು ಒಲುಮೆಯ ವಿರೋಧಿಗಳಲ್ಲ. ಜಾತಿ ಮೀರಿದ ಮದುವೆಗಳು ನಮ್ಮ ಚಳುವಳಿಯ ಹೆಮ್ಮೆ. ನಾವು ಕೇಳುತ್ತಿರುವುದು ಒಲಿದವಳ ಕೆಲಸ ಎಲ್ಲಿ ಹೋಯಿತು ಅನ್ನೋದನ್ನು.

ಇಲ್ಲಿ ನಮ್ಮೆಲ್ಲರ ಗುರುವಿನ ಹೆಸರೇ ಎತ್ತಬೇಕಾಗುತ್ತದೆ. 1975ರಲ್ಲಿ 'ಸಮುದಾಯ' ಹುಟ್ಟಿದ ಕಾಲದಿಂದ ನಮ್ಮ ರಂಗಭೂಮಿಯ ಹುಡುಗರಿಗೆ ಬರ್ಟೋಲ್ಟ್ ಬ್ರೆಕ್ಟ್ ಅಂದರೆ ಪಾಠಶಾಲೆ. ಅವನಿಗೆ ಲೋಕದ ಹೆಸರು ತಂದ ನಾಟಕ ಮೂರು ಕಾಸಿನ ಆಪೆರಾ. 1928ರ ಆಗಸ್ಟ್ 31ರಂದು ಬರ್ಲಿನ್ನಿನಲ್ಲಿ ಅದರ ಮೊದಲ ಪ್ರದರ್ಶನ. ಕಳ್ಳರ ಕಥೆ, ಜೊತೆಗೆ ಪ್ರೇಮದ ಕಥೆ. ಅದರ ಮೂಲ ಇಂಗ್ಲಿಷಿನ ಜಾನ್ ಗೇ 1728ರಲ್ಲಿ ಬರೆದ ಭಿಕ್ಷುಕರ ಆಪೆರಾ. ಅದನ್ನು ಮೊದಲು ಗುರುತಿಸಿ ಜರ್ಮನಿಗೆ ಅನುವಾದ ಮಾಡಿದವಳು ಎಲಿಜಬೆತ್ ಹೌಪ್ಟ್‌ಮನ್. ಬ್ರೆಕ್ಟನ ಜೊತೆ ಕೆಲಸ ಮಾಡುತ್ತಿದ್ದವಳು, ಅವನನ್ನು ಪ್ರೀತಿಸಿದವಳು. ಒಪ್ಪಂದದಲ್ಲಿ ಆದಾಯದ ಪಾಲು ಹೀಗಿತ್ತು: ಬ್ರೆಕ್ಟನಿಗೆ ನೂರಕ್ಕೆ 62.5, ಸಂಗೀತ ಕೊಟ್ಟ ಕುರ್ಟ್ ವೈಲ್‌ಗೆ 25, ಹೌಪ್ಟ್‌ಮನ್‌ಗೆ 12.5. 1929ರಲ್ಲಿ ಬ್ರೆಕ್ಟ್ ನಟಿ ಹೆಲೆನ್ ವೈಗಲ್‌ಳನ್ನು ಮದುವೆಯಾದ. ಅದೇ ವರ್ಷ ಹೌಪ್ಟ್‌ಮನ್ ಬರೆದ 'ಹ್ಯಾಪಿ ಎಂಡ್' ನಾಟಕ ರಂಗಕ್ಕೆ ಬಂತು. ಅದರ ಮೇಲೂ ಅವಳ ಹೆಸರಿರಲಿಲ್ಲ, 'ಡೊರೊತಿ ಲೇನ್' ಅನ್ನೋ ಕಲ್ಪನೆಯ ಹೆಸರಿತ್ತು.

ಮಾರ್ಗರೆಟೆ ಸ್ಟೆಫಿನ್ ಅಂತ ಇನ್ನೊಬ್ಬಳು. ಬರ್ಲಿನ್ನಿನ ಕಾರ್ಮಿಕರ ಮನೆಯ ಮಗಳು, ನಮ್ಮ ವರ್ಗದವಳು. ದೇಶ ಬಿಟ್ಟು ಓಡಿದ ದಿನಗಳಲ್ಲಿ ಬ್ರೆಕ್ಟನ ದೊಡ್ಡ ನಾಟಕಗಳ ಹಿಂದೆ ಅವಳ ಕೈಯಿದೆ. ಕ್ಷಯ ತಿಂದ ಎದೆಯಲ್ಲೇ ದುಡಿದು 1941ರಲ್ಲಿ ಮಾಸ್ಕೋದಲ್ಲಿ ಸತ್ತಳು. 'ಮದರ್ ಕರೇಜ್' ಪುಸ್ತಕದಲ್ಲಿ ಅವಳ ಹೆಸರು 'ಸಹಕಾರ' ಅನ್ನುವ ಸಣ್ಣ ಅಕ್ಷರದ ಸಾಲಿನಲ್ಲಿ ಸಿಗುತ್ತದೆ.

1929ರಲ್ಲೇ ಅಲ್ಫ್ರೆಡ್ ಕೆರ್ ಎಂಬ ವಿಮರ್ಶಕ, ಈ ಆಪೆರಾದ ಹಾಡುಗಳಲ್ಲಿ ಇನ್ನೊಬ್ಬ ಅನುವಾದಕನ ಸಾಲುಗಳಿವೆ, ಅವನ ಹೆಸರಿಲ್ಲ ಅಂತ ಪತ್ರಿಕೆಯಲ್ಲಿ ಬರೆದ. ಬುದ್ಧಿಯ ಸ್ವತ್ತಿನ ವಿಷಯದಲ್ಲಿ ನಾನು ತತ್ವವಾಗಿಯೇ ಸಡಿಲ ಅನ್ನೋ ಅರ್ಥದ ಉತ್ತರ ಕೊಟ್ಟ ಬ್ರೆಕ್ಟ್. ಖಾಸಗಿ ಆಸ್ತಿಯನ್ನೇ ಒಪ್ಪದವನಿಗೆ ಇದು ಶೋಭಿಸುವ ಉತ್ತರ ಅಂತ ನಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ 1930ರಲ್ಲಿ ಸಿನಿಮಾ ಕಂಪನಿ ಅದೇ ನಾಟಕವನ್ನು ತನಗೆ ಬೇಕಾದ ಹಾಗೆ ಬದಲಾಯಿಸಲು ಹೊರಟಾಗ ಇದೇ ಬ್ರೆಕ್ಟ್ ಕೋರ್ಟು ಹತ್ತಿದ. ತಗೊಳ್ಳುವಾಗ ಸಡಿಲ, ಕೊಡುವಾಗ ಬಿಗಿ. ಅಳೆಯೋ ಸೇರು ಒಂದು, ಕೊಳ್ಳೋ ಸೇರು ಇನ್ನೊಂದು. ನಮ್ಮ ಸಾಹುಕಾರರಲ್ಲಿ ಇದನ್ನು ಕಂಡಾಗ ನಾವು ಏನಂತೀವೋ, ಇಲ್ಲೂ ಅದನ್ನೇ ಅನ್ನಬೇಕು.

ಹಾಗಂತ ಬ್ರೆಕ್ಟನನ್ನು ಸುಟ್ಟುಹಾಕಿ ಅಂತ ನಾವು ಹೇಳುತ್ತಿಲ್ಲ. 1994ರಲ್ಲಿ ಜಾನ್ ಫ್ಯೂಗಿ ಅನ್ನೋ ವಿದ್ವಾಂಸ, ಬ್ರೆಕ್ಟನ ಹೆಸರಿನಲ್ಲಿರುವ ಬರಹದ ಬಹುಪಾಲು ಈ ಹೆಣ್ಣುಮಕ್ಕಳದೇ ಅಂತ ದಪ್ಪ ಪುಸ್ತಕ ಬರೆದ. ಉಳಿದ ವಿದ್ವಾಂಸರು ಅದರಲ್ಲಿ ತಪ್ಪುಗಳನ್ನು ಎತ್ತಿ ತೋರಿಸಿ, ಅತಿಯಾಯಿತು ಅಂದರು. ಪಾಲು ಎಷ್ಟು ಅಂತ ಅವರು ಜಗಳ ಮಾಡಲಿ. ಪಾಲು ಇತ್ತು ಅನ್ನೋದರಲ್ಲಿ ಜಗಳ ಇಲ್ಲ. ಬ್ರೆಕ್ಟ್ 1956ರಲ್ಲಿ ಸತ್ತ ಮೇಲೂ ಹೌಪ್ಟ್‌ಮನ್ ಅವನ ಸಮಗ್ರ ಕೃತಿಗಳನ್ನು ಸಂಪಾದಿಸುತ್ತಾ ಕೂತಳು, 1973ರಲ್ಲಿ ತೀರಿಕೊಂಡಳು. 'ಅವಳೇ ತಕರಾರು ಮಾಡಲಿಲ್ಲ, ನಿಮಗೇನು?' ಅಂತ ಕೇಳುವವರಿದ್ದಾರೆ. ಇಷ್ಟಪಟ್ಟೇ ಕೊಟ್ಟಿರಬಹುದು. ಇಷ್ಟಪಟ್ಟು ಕೊಟ್ಟದ್ದನ್ನು ಕೊಟ್ಟಳು ಅಂತ ದೊಡ್ಡ ಅಕ್ಷರದಲ್ಲಿ ಬರೆಯೋಕೆ ಏನು ಅಡ್ಡಿ? ನಮ್ಮ ಊರ ದೇವಸ್ಥಾನಕ್ಕೆ ಒಂದು ಟ್ಯೂಬ್‌ಲೈಟು ದಾನ ಕೊಟ್ಟವನು ಬೆಳಕೇ ಬಾರದ ಹಾಗೆ ಅದರ ಮೇಲೆ ತನ್ನ ಹೆಸರು, ಅಪ್ಪನ ಹೆಸರು, ಗುತ್ತಿಗೆದಾರ ಅನ್ನೋ ಉದ್ಯೋಗ ಎಲ್ಲ ಬರೆಸುತ್ತಾನೆ. ಟ್ಯೂಬ್‌ಲೈಟಿಗೆ ಇರುವ ಮರ್ಯಾದೆ ಒಂದು ನಾಟಕದ ಎರಡನೇ ಅಂಕಕ್ಕೆ ಬೇಡವೇ?

ನಮ್ಮೊಳಗಿನಿಂದಲೇ ಏಳುವ ಇನ್ನೊಂದು ವಾದ ಇದೆ, ಇದು ಹೆಚ್ಚು ಗಟ್ಟಿ. 'ನಾವು ಸಾಮೂಹಿಕವಾಗಿ ಕಟ್ಟುತ್ತೇವೆ. ಹೆಸರಿನ ಆಸೆ ಮಧ್ಯಮವರ್ಗದ ರೋಗ. ನನ್ನದು ನಿನ್ನದು ಅನ್ನೋದನ್ನು ಬಿಡೋಕೆ ತಾನೇ ನಾವು ಹೊರಟಿರೋದು?' ಕೇಳೋಕೆ ಚೆನ್ನಾಗಿದೆ. ಆದರೆ ಇದ್ದದ್ದನ್ನು ಮಾತ್ರ ಬಿಡಬಹುದು. ಇಲ್ಲದ್ದನ್ನು ಬಿಡು ಅಂತ ಹೇಳುವುದು ಕ್ರಾಂತಿ ಆಗುವುದಿಲ್ಲ. ಶೂದ್ರನ ಹೆಸರು ಹೀನವಾಗಿರಬೇಕು ಅಂತ ಮನು ಬರೆದಿಟ್ಟ. ಕೇರಿಯ ಮಕ್ಕಳಿಗೆ ಕರಿಯ, ತಿಪ್ಪ ಅಂತಲೇ ಹೆಸರು. ಆ ಹೆಸರನ್ನೂ ಪೂರಾ ಕರೆಯದೆ 'ಲೇ' ಅಂದವರು ಇವರು. ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ನೆಟ್ಟಗಿನ ಹೆಸರು ಬರೆಸೋದಕ್ಕೆ ನಮ್ಮ ಅಪ್ಪಂದಿರು ಪಟ್ಟ ಪಾಡು ಸಣ್ಣದಲ್ಲ. ಅಂಥ ಜನಕ್ಕೆ ಹೆಸರು ಮನುಷ್ಯ ಅನ್ನೋದರ ಗುರುತು, ಅದನ್ನು ಆಡಂಬರ ಅನ್ನಬೇಡಿ. ಸಾಮೂಹಿಕ ಅಂದರೆ ಎಲ್ಲರ ಹೆಸರೂ ಇರಬೇಕು, ಇಲ್ಲ ಯಾರ ಹೆಸರೂ ಇರಬಾರದು. ನಿರ್ದೇಶಕನ ಹೆಸರು ಮಾತ್ರ ಇದ್ದು ಮಿಕ್ಕವರೆಲ್ಲ 'ಸಮೂಹ' ಆಗುವುದು ಯಾವ ಸಾಮೂಹಿಕತೆ?

ಇದಕ್ಕೆ ದಾರಿ ನಮ್ಮ ನಾಡಿನಲ್ಲೇ ಎಂಟು ಶತಮಾನದ ಹಿಂದೆ ಹಾಕಿದ್ದರು. ಉರಿಲಿಂಗಪೆದ್ದಿ ಅಸ್ಪೃಶ್ಯರಲ್ಲಿ ಹುಟ್ಟಿದ ಶರಣ. ಮೊದಲು ಕಳ್ಳತನ ಮಾಡುತ್ತಿದ್ದವನು ಅಂತ ಪರಂಪರೆ ಹೇಳುತ್ತದೆ. ಅವನ ಹೆಂಡತಿ ಕಾಳವ್ವೆ. ಇಬ್ಬರೂ ವಚನ ಬರೆದರು. ಒಂದೇ ಮನೆ, ಒಂದೇ ಒಲೆ, ಎರಡು ಅಂಕಿತ. 'ಉರಿಲಿಂಗಪೆದ್ದಿಗಳರಸ' ಅನ್ನೋದು ಅವಳದು. ಗಂಡನ ಹೆಸರು ಅಂಕಿತದ ಒಳಗೇ ಇದೆ, ಪ್ರೀತಿಗೆ ಕಡಿಮೆ ಇಲ್ಲ. ಆದರೂ ವಚನ ಅವಳದೇ. ಹೆಂಡತಿಯದೆಲ್ಲ ನನ್ನದೇ ಅಂತ ಅವಳ ವಚನ ಅವನ ಅಂಕಿತಕ್ಕೆ ಸೇರಲಿಲ್ಲ. ಕಳ್ಳತನ ಬಿಟ್ಟವನ ಮನೆಯಲ್ಲಿ ಕಳವು ನಡೆಯಲಿಲ್ಲ ಅನ್ನೋದೇ ಶರಣ ಧರ್ಮದ ದೊಡ್ಡ ಪುರಾವೆ.

ಈಗ ನಮ್ಮ ತಂಡಗಳನ್ನೇ ನೋಡಿ. ಕಾಲೇಜು ಹುಡುಗ ಬೀದಿನಾಟಕ ಬರೆದು ತರುತ್ತಾನೆ, ಗ್ರಂಥದ ಭಾಷೆಯಲ್ಲಿ. ಕೂಲಿ ಹೆಂಗಸು ಹಾಗೆ ಮಾತಾಡೋದಿಲ್ಲ ಅಂತ ತಂಡದ ಹುಡುಗಿ ಹೇಳುತ್ತಾಳೆ, ತನ್ನ ಅವ್ವನ ಮಾತನ್ನು ತಂದು ಇಡುತ್ತಾಳೆ. ಹಾಡಿನ ಧಾಟಿ ಅವಳ ಅಜ್ಜಿ ನಾಟಿ ಹಾಕುವಾಗ ಹಾಡಿದ್ದು. ಜನ ಚಪ್ಪಾಳೆ ಹೊಡೆಯೋದು ಅಲ್ಲಿಗೇ. ಕರಪತ್ರ ಅಚ್ಚಾಗುವಾಗ ರಚನೆ ಅಂತ ಅವನ ಹೆಸರು, ಅಭಿನಯ ಅಂತ ಕೊನೆಯಲ್ಲಿ ಅವಳದು. ಯಾರಾದರೂ ಕೇಳಿದರೆ, 'ನಮ್ಮ ಹುಡುಗೀನೇ ಅಲ್ವಾ, ಅವಳದು ನನ್ನದು ಅಂತ ಏನಿದೆ, ಪ್ರೀತೀಲಿ ಲೆಕ್ಕ ಯಾತರದು?' ಗೌಡ ಜೀತದಾಳಿಗೆ ಅಂದ ಮಾತಿಗೂ ಇದಕ್ಕೂ ಎಷ್ಟು ಗೇಣು ದೂರ? ಅವನು ಕೆಟ್ಟವನು ಅಂತ ನಾವು ಹೇಳುತ್ತಿಲ್ಲ. ಲೆಕ್ಕವೇ ಬೇಡ ಅನ್ನುವ ಕಡೆಯಲ್ಲೆಲ್ಲ, ಲೆಕ್ಕದ ಪುಸ್ತಕ ಮೊದಲೇ ಯಾರ ಕೈಯಲ್ಲಿತ್ತೋ ಅವರದೇ ಲಾಭ ಅಂತ ಹೇಳುತ್ತಿದ್ದೇವೆ. ಪ್ರೀತಿ ಮುರಿದ ದಿನ ಅವನಿಗೆ ನಾಟಕಕಾರ ಅನ್ನೋ ಹೆಸರು ಉಳಿಯುತ್ತದೆ, ಅವಳಿಗೆ ಊರ ಬಾಯಿ ಉಳಿಯುತ್ತದೆ. ನಾಟಕದವಳು ಅನ್ನೋ ಒಂದು ಮಾತು ಸಾಕು ಅವಳ ಮದುವೆ ನಿಲ್ಲೋದಕ್ಕೆ. ರುಕ್ಮಿಣಿ ಪಾತ್ರಕ್ಕೆ ಬಂದ ಕಲಾವಿದೆಗೆ ರಂಗದ ಮೇಲೆ ಮಂಗಳಾರತಿ ಎತ್ತಿ, ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹಲ್ಲು ಕಿರಿಯುವ ಊರುಗಳಲ್ಲಿ ನಾವು ಬದುಕುತ್ತಿದ್ದೇವೆ ಅನ್ನೋದು ಮರೆಯಬಾರದು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ನಾಟಕ ಕಟ್ಟುವಾಗಲೇ, ಯಾರು ಏನು ಕೊಟ್ಟರು ಅನ್ನೋದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಾಡು ಕೊಟ್ಟ ಅಜ್ಜಿ, ಧಾಟಿ ಕೂರಿಸಿದ ಡ್ರಾಮಾ ಮೇಷ್ಟ್ರು, ಮಾತು ತಿದ್ದಿದ ಹುಡುಗಿ, ತಮಟೆಯ ಹೊಡೆತ ಕಲಿಸಿದ ಕೇರಿಯ ಯಜಮಾನ, ಇವರೆಲ್ಲರ ಹೆಸರು, ಊರು. ಅದನ್ನು ಕರಪತ್ರದಲ್ಲಿ ಒಂದೇ ಅಳತೆಯ ಅಕ್ಷರದಲ್ಲಿ ಹಾಕಿ. ಓದು ಬಾರದವರ ಮುಂದೆ ಆಟ ಶುರುವಾಗುವ ಮೊದಲು ಗಟ್ಟಿಯಾಗಿ ಓದಿ ಹೇಳಿ. ದುಡ್ಡು ಬಂದರೆ ಪಾಲನ್ನು ಮೊದಲೇ ಮಾತಾಡಿಕೊಳ್ಳಿ. ಇಬ್ಬರು ಒಲಿದವರು ಒಟ್ಟಿಗೆ ಬರೆದರೆ ಇಬ್ಬರ ಹೆಸರನ್ನೂ ಒಲುಮೆ ಚೆನ್ನಾಗಿರುವಾಗಲೇ ಬರೆಯಿರಿ, ಮುರಿದ ಮೇಲೆ ಅದು ಜಗಳವಾಗುತ್ತದೆ. ಇದರಿಂದ ಪ್ರೀತಿ ಕೆಡುತ್ತದೆ ಅನ್ನುವವನಿದ್ದರೆ ಅವನನ್ನು ಹೀಗೆ ಕೇಳಿ: ಮುಂದಿನ ನಾಟಕಕ್ಕೆ ರಚನೆ ಅಂತ ಅವಳ ಹೆಸರು ಮಾತ್ರ ಹಾಕೋಣ, ನಿನ್ನದು ಬೇಡ, ಪ್ರೀತೀಲಿ ಲೆಕ್ಕ ಯಾತರದು, ಒಪ್ಪುತ್ತೀಯಾ?